ಕೈ ಕೊನೆಗೆ ಬರಲಿ

ಜನವರಿ ಕೊನೆಯ ವಾರ. ರೋಬಸ್ಟಾ ಕೊಯ್ಲು ಅರ್ಧ ಮುಗಿದಿತ್ತು. ಕಣದ ತುಂಬ ಹಣ್ಣು ಹರಡಿ, ಒಂದು ಮೂಲೆಯಲ್ಲಿ ಮಾತ್ರ ಚಾಪೆ ಹಾಸುವಷ್ಟು ಜಾಗ ಖಾಲಿ ಉಳಿದಿತ್ತು. ಕೆಲಸದವರು ಮನೆಗೆ ಹೋದ ಮೇಲೆ ಗಾಲ್ಫ್ ಆಡುವ ಕ್ಲಬ್ಬುಗಳಲ್ಲಿ ಒಂದಾದ 7 ಐರನ್ ಹಿಡಿದು ಆ ಮೂಲೆಯಲ್ಲಿ ಬರಿಗಾಲಲ್ಲಿ ನಿಂತೆ. ಚೆಂಡಿಲ್ಲ, ಸುಮ್ಮನೆ ಬೀಸುವುದು. ಇಳಿಬಿಸಿಲು ಬೆನ್ನಿಗೆ ಬೀಳುತ್ತಿದ್ದುದರಿಂದ ನೆರಳು ಎದುರಿಗೆ ಉದ್ದಕ್ಕೆ ಚಾಚಿಕೊಂಡಿತ್ತು. ತಲೆಯ ನೆರಳು ಕಣದ ಸಿಮೆಂಟಿನ ಎರಡು ತುಂಡು ಕೂಡುವ ಗೆರೆಯ ಮೇಲೆ ಸರಿಯಾಗಿ ಕೂತಿತ್ತು.

ಕ್ಲಬ್ ಹಿಂದಕ್ಕೆ ಎತ್ತಿದೆ. ತಲೆಯ ನೆರಳು ಗೆರೆ ಬಿಟ್ಟು ಒಂದು ಗೇಣು ಬಲಕ್ಕೆ ಹೋಯಿತು. ಕೆಳಗೆ ತಂದೆ. ನೆರಳು ವಾಪಸ್ ಬರಲು ನೋಡಿತು, ಗೆರೆ ಮುಟ್ಟಲಿಲ್ಲ. ಇನ್ನೊಮ್ಮೆ ಬೀಸಿದೆ, ಅದೇ. ಹತ್ತು ಸಲ ಬೀಸಿದರೂ ಅದೇ.

ಆರು ವರ್ಷದಿಂದ ನನ್ನ ಹೊಡೆತದಲ್ಲಿ ಏನೋ ಕೆಟ್ಟಿದೆ ಎಂದು ಗೊತ್ತಿತ್ತು, ಎಲ್ಲಿ ಎಂದು ಗೊತ್ತಿರಲಿಲ್ಲ. ಗ್ರಿಪ್ ಬದಲಾಯಿಸಿದ್ದೆ, ಕ್ಲಬ್ ಬದಲಾಯಿಸಿದ್ದೆ, ನಿಲ್ಲುವ ಅಗಲ ಬದಲಾಯಿಸಿದ್ದೆ. ಆ ಸಂಜೆ ಕಾಫಿ ಹಣ್ಣಿನ ಹುಳಿವಾಸನೆಯ ನಡುವೆ ಕಣ್ಣಿಗೆ ಬಿದ್ದದ್ದು ಒಂದೇ ವಿಷಯ: ನಾನು ತಿರುಗುತ್ತಿರಲಿಲ್ಲ, ಜಾರುತ್ತಿದ್ದೆ.

ನಾನು ಗಾಲ್ಫ್‌ಗೆ ಬಂದದ್ದು ತಡವಾಗಿ, 44ನೇ ವಯಸ್ಸಿನಲ್ಲಿ. ಅದಕ್ಕೆ ಮೊದಲು ಕೊಡಗಿನ ಹೆಚ್ಚಿನ ಹುಡುಗರಂತೆ ಹಾಕಿಯೇ ನನ್ನ ಆಟ. ಶಾಲೆಯ ಮೈದಾನದಲ್ಲಿ, ಮಳೆಗಾಲದ ಕೆಸರಿನಲ್ಲಿ, ಬೇಸಿಗೆಯ ಧೂಳಿನಲ್ಲಿ ಆಡಿದವನು. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡದಲ್ಲಿ ಕೊಡವ ಕುಟುಂಬಗಳ ನಡುವಿನ ಹಾಕಿ ಹಬ್ಬ ಶುರು ಮಾಡಿದ ಮೇಲೆ ಪ್ರತಿ ಬೇಸಿಗೆಯಲ್ಲೂ ನಮ್ಮ ಕಡೆ ಮಾತೆಲ್ಲ ಅದರದೇ. ಹೀಗಾಗಿ ಇಲ್ಲಿ ಯಾರ ಕೈಗೆ ಗಾಲ್ಫ್ ಕ್ಲಬ್ ಕೊಟ್ಟರೂ ಮೊದಲ ದಿನವೇ ಚೆಂಡಿಗೆ ತಾಗಿಸುತ್ತಾರೆ. ಕಣ್ಣು ಮತ್ತು ಕೈಯ ಹೊಂದಾಣಿಕೆ ಆಗಲೇ ಇರುತ್ತದೆ. ಬಿಟ್ಟಂಗಾಲದ ಕೂರ್ಗ್ ಗಾಲ್ಫ್ ಲಿಂಕ್ಸ್‌ನಲ್ಲಿ ಬೆಳಿಗ್ಗೆ ಹೊತ್ತು ನಿಂತು ನೋಡಿದರೆ ಯಾರು ಹಾಕಿ ಆಡಿ ಬಂದವರು ಎಂದು ಮೊದಲ ಹೊಡೆತ ಹೊಡೆಯುವ ಟೀಯಿಂದಲೇ ಹೇಳಬಹುದು. ಹಿಂದಕ್ಕೆ ಎತ್ತುವುದು ಕಡಿಮೆ, ಮಣಿಕಟ್ಟಿನ ಏಟು ಜೋರು, ಚೆಂಡು ತಗ್ಗಾಗಿ ಓಡುತ್ತದೆ.

ಹಾಕಿ ಕೊಟ್ಟದ್ದೂ ಇದೆ, ಕಟ್ಟಿಹಾಕಿದ್ದೂ ಇದೆ. ಹಾಕಿಯಲ್ಲಿ ಚೆಂಡು ಓಡುತ್ತಿರುತ್ತದೆ, ನಾವೂ ಓಡುತ್ತಿರುತ್ತೇವೆ. ಎಡಗಾಲು ಚೆಂಡಿನ ಪಕ್ಕ ಊರುವ ಹೊತ್ತಿಗೆ ಮೈಯ ಭಾರ ತಾನಾಗಿಯೇ ಮುಂದೆ ಬಂದಿರುತ್ತದೆ. ಅದನ್ನು ಯಾರೂ ಕಲಿಸಬೇಕಾಗಿಲ್ಲ. ಗಾಲ್ಫ್‌ನಲ್ಲಿ ಚೆಂಡೂ ನಿಂತಿದೆ, ನಾವೂ ನಿಂತಿದ್ದೇವೆ. ಓಟ ಪುಕ್ಕಟೆಯಾಗಿ ಕೊಡುತ್ತಿದ್ದ ಆ ಭಾರವನ್ನು ಎರಡು ಪಾದಗಳ ನಡುವಿನ ಒಂದೂವರೆ ಅಡಿ ಜಾಗದಲ್ಲೇ ಹುಟ್ಟಿಸಿಕೊಳ್ಳಬೇಕು. 45.93 ಗ್ರಾಂಗಿಂತ ಹೆಚ್ಚು ತೂಗಬಾರದೆಂದು ನಿಯಮವಿರುವ ಆ ಪುಟ್ಟ ಚೆಂಡು ಅಲುಗಾಡದೆ ಕಾಯುತ್ತಾ ಕೂತಿರುವಾಗ ಕೈಗಳಿಗೆ ಅವಸರವಾಗುತ್ತದೆ. ನನ್ನ ತೊಂದರೆಯೆಲ್ಲ ಅಲ್ಲಿಂದ ಶುರು.

ಹಾಕಿಯಲ್ಲೇ ಗಾಲ್ಫ್‌ಗೆ ತೀರ ಹತ್ತಿರದ ಒಂದು ಹೊಡೆತವಿದೆ: ಚೆಂಡನ್ನು ಕೋಲಿಗೆ ತಾಗಿಸಿಕೊಂಡೇ ಎಳೆದು ಚಿಮ್ಮಿಸುವ ಡ್ರ್ಯಾಗ್ ಫ್ಲಿಕ್. ನಮ್ಮ ಕೊಡಗಿನವರೇ ಆದ ವಿ.ಆರ್. ರಘುನಾಥ್ ಭಾರತಕ್ಕಾಗಿ ಪೆನಾಲ್ಟಿ ಕಾರ್ನರ್ ಹೊಡೆಯುತ್ತಿದ್ದ ದಿನಗಳಲ್ಲಿ ನಾವು ಟಿವಿ ಮುಂದೆ ಕೂತು ನೋಡುತ್ತಿದ್ದದ್ದು ಕೋಲನ್ನು. ನೋಡಬೇಕಾಗಿದ್ದದ್ದು ಕಾಲನ್ನು. ಚೆಂಡು ಇನ್ನೂ ಬಲಗಾಲಿನ ಹಿಂದೆ ಇರುವಾಗಲೇ ಎಡಗಾಲು ಉದ್ದಕ್ಕೆ ಚಾಚಿ ನೆಲಕ್ಕೆ ಊರಿಬಿಡುತ್ತದೆ. ಆಮೇಲೆ ಸೊಂಟ ತಿರುಗುತ್ತದೆ, ಎದೆ ತಿರುಗುತ್ತದೆ, ತೋಳು ಬರುತ್ತದೆ, ಕೋಲಿನ ತುದಿ ಎಲ್ಲಕ್ಕಿಂತ ಕೊನೆಗೆ. ಗಾಲ್ಫ್ ಸ್ವಿಂಗ್‌ನ ಕ್ರಮವೂ, ಅಂದರೆ ಕ್ಲಬ್ ಬೀಸುವ ಕ್ರಮವೂ ಇದೇ.

"ಭಾರ ಬಲಗಾಲಿಗೆ ಹಾಕಿ, ಆಮೇಲೆ ಎಡಗಾಲಿಗೆ ತನ್ನಿ." ಗಾಲ್ಫ್ ಕಲಿಯುವ ಎಲ್ಲರೂ ಮೊದಲ ವಾರವೇ ಕೇಳುವ ಮಾತು. ಸುಳ್ಳಲ್ಲ. ಆದರೆ ಕೇಳಿದವನು ಏನು ಮಾಡುತ್ತಾನೆ ನೋಡಿ: ಬಸ್ಸಿನಲ್ಲಿ ಪಕ್ಕದವರಿಗೆ ಜಾಗ ಬಿಡುವಂತೆ ಇಡೀ ಮೈಯನ್ನು ಬಲಕ್ಕೆ ಸರಿಸುತ್ತಾನೆ. ಬಲ ಮೊಣಕಾಲು ಹೊರಗೆ ಬಾಗುತ್ತದೆ, ಸೊಂಟ ಬಲಪಾದವನ್ನೂ ದಾಟಿ ಹೋಗುತ್ತದೆ, ಪಾದದ ಹೊರ ಅಂಚು ಭಾರ ಹೊರುತ್ತದೆ. ಇಂಗ್ಲಿಷಿನವರು ಇದನ್ನು ಸ್ವೇ ಎನ್ನುತ್ತಾರೆ. ಅಲ್ಲಿಂದ ಕಾಲು ಸೆಕೆಂಡಿನಲ್ಲಿ ವಾಪಸ್ ಬರುವುದು ಯಾರಿಂದಲೂ ಸಾಧ್ಯವಿಲ್ಲ. ಅತಿಶಯೋಕ್ತಿಯಲ್ಲ, ಮೇಲಿನಿಂದ ಚೆಂಡಿನವರೆಗೆ ಕ್ಲಬ್ ಇಳಿಯುವುದಕ್ಕೆ ಹಿಡಿಯುವ ಹೊತ್ತು ಸುಮಾರು ಕಾಲು ಸೆಕೆಂಡು, ಅಷ್ಟೇ. ಹಿಂದಕ್ಕೆ ಎತ್ತುವುದಕ್ಕೆ ಅದರ ಮೂರರಷ್ಟು ಹೊತ್ತು ಇರುತ್ತದೆ. ಎತ್ತುವಾಗ ನಿಧಾನವಾಗಿ ಮಾಡಿದ ತಪ್ಪನ್ನು ಇಳಿಯುವಾಗ ತಿದ್ದಿಕೊಳ್ಳಲು ಸಮಯವೇ ಸಿಗುವುದಿಲ್ಲ.

ಇದರಲ್ಲಿ ನನಗೆ ಬಹಳ ಕಾಲ ಅರ್ಥವಾಗದೇ ಇದ್ದ ಒಂದು ಭೇದವಿದೆ. ಮೈ ಸರಿಯುವುದು ಬೇರೆ, ಪಾದದಡಿಯ ಒತ್ತಡ ಸರಿಯುವುದು ಬೇರೆ. ನಡೆಯುವಾಗ, ಹತ್ತುವಾಗ, ತಲೆಹೊರೆ ಹೊತ್ತಾಗ ಎರಡೂ ಜೊತೆಯಲ್ಲೇ ಹೋಗುವುದರಿಂದ ನಾವು ಅವನ್ನು ಒಂದೇ ಎಂದುಕೊಂಡಿರುತ್ತೇವೆ. ಸ್ವಿಂಗ್‌ನಲ್ಲಿ ಹಾಗಲ್ಲ. ಮೈಯ ನಡುಭಾರ ಕೆಲವೇ ಅಂಗುಲ ಅತ್ತಿತ್ತ ಆಗುತ್ತದೆ. ಆದರೆ ಪಾದಗಳ ಅಡಿಯ ಒತ್ತಡ ಒಂದು ಕಾಲಿನಿಂದ ಇನ್ನೊಂದಕ್ಕೆ ದೊಡ್ಡದಾಗಿ, ಬೇಗ ಓಡಾಡುತ್ತದೆ. ಒತ್ತಡ ಅಳೆಯುವ ಫಲಕಗಳ ಮೇಲೆ ನುರಿತ ಆಟಗಾರರನ್ನು ನಿಲ್ಲಿಸಿ ನೋಡಿದಾಗ ಕಾಣುವ ಚಿತ್ರ ಇದು: ಕ್ಲಬ್ ಹಿಂದೆ ಹೋಗಲು ಶುರುವಾದ ಕೂಡಲೇ ಒತ್ತಡ ಬಲಪಾದಕ್ಕೆ ಹೋಗುತ್ತದೆ. ಕ್ಲಬ್ ಮೇಲೆ ತಲುಪುವ ಮೊದಲೇ ಅದು ಎಡಕ್ಕೆ ಮರಳಲು ಶುರುವಾಗುತ್ತದೆ. ಇಳಿಯುವಾಗ ಎಡತೋಳು ನೆಲಕ್ಕೆ ಸಮನಾಗುವ ಹೊತ್ತಿಗೆ ಬಹುಪಾಲು ಒತ್ತಡ ಎಡಪಾದದಲ್ಲಿ ಕೂತಾಗಿರುತ್ತದೆ.

ಇದನ್ನು ನಾನು ನಂಬಿದ್ದು ಮನೆಯಲ್ಲೇ ಪರೀಕ್ಷೆ ಮಾಡಿದ ಮೇಲೆ. ಮೈತೂಕ ನೋಡುವ ಮುಳ್ಳಿನ ಯಂತ್ರ ಮನೆಯಲ್ಲಿ ಒಂದಿತ್ತು, ಪಕ್ಕದ ಮನೆಯಿಂದ ಇನ್ನೊಂದು ತಂದೆ. ಎರಡನ್ನೂ ಕಣದಲ್ಲಿಟ್ಟು, ಒಂದೊಂದರ ಮೇಲೆ ಒಂದೊಂದು ಕಾಲಿಟ್ಟು ನಿಂತೆ. ಮಗಳು ನೆಲಕ್ಕೆ ಬಗ್ಗಿ ಫೋನಿನಲ್ಲಿ ಮುಳ್ಳುಗಳನ್ನು ಚಿತ್ರೀಕರಿಸಿದಳು. ಸುಮ್ಮನೆ ನಿಂತಾಗ ಎರಡೂ ಕಡೆ 37. ಹಳೇ ಅಭ್ಯಾಸದಲ್ಲಿ ಬೀಸಿದಾಗ ಬಲಗಡೆಯ ಮುಳ್ಳು ಏರಿತು, ಕ್ಲಬ್ ಮೇಲಿದ್ದಾಗಲೂ ಅಲ್ಲೇ ಇತ್ತು, ಕ್ಲಬ್ ಕೆಳಗೆ ಬಂದು ಚೆಂಡಿನ ಜಾಗ ದಾಟುವಾಗಲೂ ಎಡಗಡೆಗಿಂತ ಹೆಚ್ಚೇ ಇತ್ತು. ಈ ಯಂತ್ರದ ಮುಳ್ಳು ಸ್ವಲ್ಪ ತಡವಾಗಿ ಅಲುಗುತ್ತದೆ, ಲೆಕ್ಕ ಕರಾರುವಾಕ್ಕಲ್ಲ, ಒಪ್ಪುತ್ತೇನೆ. ಆದರೆ ದಿಕ್ಕು ತೋರಿಸಲು ಅಷ್ಟು ಸಾಕಾಗಿತ್ತು. ನಾನು ಆರು ವರ್ಷ ಬಲಗಾಲಿನ ಮೇಲೆ ನಿಂತು ಗಾಲ್ಫ್ ಆಡಿದ್ದೆ.

ಭಾರ ಹಿಂದೆಯೇ ಉಳಿದರೆ ಏನಾಗುತ್ತದೆ ಎಂಬುದನ್ನು ನೆಲ ಬರೆದು ತೋರಿಸುತ್ತದೆ. ಕ್ಲಬ್ಬಿನ ತಲೆ ಒಂದು ವೃತ್ತದಲ್ಲಿ ಸಾಗುತ್ತದೆ, ಆ ವೃತ್ತಕ್ಕೆ ಒಂದು ತಳ ಇದೆ. ಐರನ್‌ನಲ್ಲಿ ಹೊಡೆಯುವಾಗ ಆ ತಳ ಚೆಂಡಿನ ಮುಂದೆ, ಗುರಿಯ ಕಡೆಗೆ ಇರಬೇಕು. ಮೊದಲು ಚೆಂಡು, ಆಮೇಲೆ ಹುಲ್ಲು. ಮೈ ಹಿಂದೆ ಉಳಿದರೆ ವೃತ್ತದ ತಳವೂ ಹಿಂದೆ ಉಳಿಯುತ್ತದೆ. ಕ್ಲಬ್ ಚೆಂಡಿಗಿಂತ ಮೂರಂಗುಲ ಹಿಂದೆ ನೆಲ ಅಗೆಯುತ್ತದೆ, ಇಲ್ಲವೆಂದರೆ ಆಗಲೇ ಮೇಲೇರುತ್ತಾ ಚೆಂಡಿನ ನೆತ್ತಿಗೆ ತಾಗುತ್ತದೆ. ನೆಲ ಅಗೆಯುವ ಫ್ಯಾಟ್ ಮತ್ತು ನೆತ್ತಿಗೆ ತಾಗುವ ಟಾಪ್ ಎರಡು ಬೇರೆ ರೋಗ ಎಂದುಕೊಂಡು ನಾನು ಎರಡಕ್ಕೂ ಬೇರೆ ಬೇರೆ ಮದ್ದು ಮಾಡುತ್ತಿದ್ದೆ. ಎರಡೂ ಒಂದೇ ಬೇರಿನವು. ಸೆಪ್ಟೆಂಬರಿನಲ್ಲಿ ನಮ್ಮ ಕಡೆಯ ನೆಲ ಇನ್ನೂ ಮಳೆ ಕುಡಿದು ಮೆತ್ತಗಿರುವಾಗ ಈ ಗುರುತು ಅಚ್ಚುಕಟ್ಟಾಗಿ ಕಾಣುತ್ತದೆ. ಹುಲ್ಲು ಹಾರಿದ ಜಾಗದಲ್ಲಿ ಕೆಂಪು ಮಣ್ಣಿನ ಒಂದು ನಾಲಗೆ. ಅದು ಚೆಂಡಿದ್ದ ಜಾಗದ ಹಿಂದೆ ಶುರುವಾಗಿದೆಯೋ ಮುಂದೆ ಶುರುವಾಗಿದೆಯೋ ಎಂದು ಬಗ್ಗಿ ನೋಡುವುದು ಈಗ ನನಗೆ ಅಭ್ಯಾಸವಾಗಿದೆ. ಚೆಂಡು ಎಲ್ಲಿ ಹೋಯಿತು ಎಂದು ನೋಡುವುದಕ್ಕಿಂತ ಮೊದಲು ಅದನ್ನೇ ನೋಡುತ್ತೇನೆ. ಚೆಂಡು ಅದೃಷ್ಟದಿಂದಲೂ ಕುಳಿಯ ಸುತ್ತಲಿನ ಗ್ರೀನ್ ತಲುಪಬಹುದು, ಮಣ್ಣಿನಲ್ಲಿ ಬಿದ್ದ ಗುರುತಿಗೆ ಅದೃಷ್ಟವಿಲ್ಲ.

ಇನ್ನು ತಿರುಗುವ ವಿಷಯ.

ನನ್ನ ಸೋದರಮಾವ ಬಾಳೆಲೆ ಕಡೆ ಲಕ್ಷ್ಮಣತೀರ್ಥದ ದಡದಲ್ಲಿ ಬೀಸುಬಲೆ ಹಾಕುತ್ತಿದ್ದರು. ರಜೆಯಲ್ಲಿ ಹೋದಾಗ ಮೀನಿನ ಬುಟ್ಟಿ ಹಿಡಿದು ಹಿಂದೆ ನಡೆಯುವ ಕೆಲಸ ನನ್ನದು. ಬಲೆಯ ಅಂಚಿಗೆ ಸೀಸದ ಗುಂಡು ಪೋಣಿಸಿರುತ್ತದೆ. ಒದ್ದೆಯಾದ ಮೇಲೆ ಅದು ಹುಡುಗನೊಬ್ಬ ಎತ್ತಲಾರದಷ್ಟು ಭಾರ. ಮಾವ ಅದನ್ನು ಮಡಿಕೆ ಮಡಿಕೆಯಾಗಿ ಕೈಯ ಮೇಲೆ ಹಾಕಿಕೊಂಡು, ಒಂದು ಭಾಗ ಮೊಣಕೈಗೆ ಏರಿಸಿ, ನೀರಿಗೆ ಎಡಭುಜ ಕೊಟ್ಟು ನಿಲ್ಲುತ್ತಿದ್ದರು. ಆಮೇಲೆ ನಿಧಾನವಾಗಿ ಹಿಂದಕ್ಕೆ ತಿರುಗುತ್ತಿದ್ದರು, ನಮಗೆ ಅವರ ಮುಖವೇ ಕಾಣುವಷ್ಟು. ಬಲೆ ಇನ್ನೂ ಹಿಂದಕ್ಕೆ ತೂಗುತ್ತಿರುವಾಗಲೇ ಎಡಗಾಲು ಮರಳಿನಲ್ಲಿ ಕಚಕ್ಕನೆ ಊರುತ್ತಿತ್ತು. ಆ ಶಬ್ದ ನನಗೆ ಈಗಲೂ ಕಿವಿಯಲ್ಲಿದೆ. ಶಬ್ದ ಮೊದಲು, ಬಲೆ ಆಮೇಲೆ. ಪಂಚೆ ಕಟ್ಟಿದ ಸೊಂಟ ನದಿಯ ಕಡೆಗೆ ತಿರುಗುತ್ತಿತ್ತು, ಬೆನ್ನು ಅದನ್ನು ಹಿಂಬಾಲಿಸುತ್ತಿತ್ತು, ತೋಳು ಅವರದ್ದಲ್ಲವೇನೋ ಎಂಬಂತೆ ಎಳೆದುಕೊಂಡು ಬರುತ್ತಿತ್ತು. ಬಲೆ ಕೈ ಬಿಟ್ಟ ಮೇಲೆ ಗಾಳಿಯಲ್ಲಿ ತಟ್ಟೆಯ ಹಾಗೆ ಬಿಚ್ಚಿಕೊಂಡು ನೀರಿನ ಮೇಲೆ ದುಂಡಗೆ ಬೀಳುತ್ತಿತ್ತು.

ಹದಿಮೂರರ ವಯಸ್ಸಿನಲ್ಲಿ ನನಗೂ ಒಮ್ಮೆ ಕೊಟ್ಟರು. ತೋಳಿನಲ್ಲಿದ್ದ ಶಕ್ತಿಯೆಲ್ಲ ಹಾಕಿ ಎಸೆದೆ. ಬಲೆ ಮುದ್ದೆಯಾಗಿ ಹತ್ತಡಿ ಆಚೆ ಬಿತ್ತು. "ಕೈಯಲ್ಲಿ ಎಸೆದ್ರೆ ಬಲೆ ಬಿಚ್ಚಲ್ಲ ಮಗಾ, ನೀನು ತಿರುಗು, ಅದು ತಾನೇ ಹೋಗ್ತದೆ" ಅಂದರು. ಆ ಮಾತು ನನಗೆ ಅರ್ಥವಾಗಲು ಮೂವತ್ತೇಳು ವರ್ಷ ಹಿಡಿಯಿತು.

ಬಲೆ ಹಿಂದೆ ಹೋಗುತ್ತಿರುವಾಗಲೇ ಕಾಲು ಮುಂದೆ ಊರುವ ಆ ಒಂದು ಕ್ಷಣ ಇದೆಯಲ್ಲ, ಗಾಲ್ಫ್ ಸ್ವಿಂಗ್‌ನ ಜೀವ ಇರುವುದು ಅಲ್ಲೇ ಎಂದು ನಾನು ನಂಬಿದ್ದೇನೆ. ಮೈ ಆಗ ಎರಡು ದಿಕ್ಕಿಗೆ ಹೋಗುತ್ತಿರುತ್ತದೆ. ಮೇಲಿನ ಅರ್ಧ ಇನ್ನೂ ಹಿಂದೆ, ಕೆಳಗಿನ ಅರ್ಧ ಆಗಲೇ ಮುಂದೆ. ಸಾಮಾನ್ಯವಾಗಿ ಹೇಳುವ ಲೆಕ್ಕ, ಮೇಲೆ ತಲುಪಿದಾಗ ಭುಜ ಸುಮಾರು 90 ಡಿಗ್ರಿ ತಿರುಗಿರುತ್ತದೆ, ಸೊಂಟ ಸುಮಾರು 45. ಈ ಅಂತರದಿಂದ ಹೊಟ್ಟೆಯ, ಪಕ್ಕೆಯ, ಬೆನ್ನಿನ ಸ್ನಾಯುಗಳು ಹುರಿ ಹಾಕಿದ ಹಗ್ಗದಂತೆ ಬಿಗಿಯುತ್ತವೆ. ಸೊಂಟ ಮೊದಲು ಹೊರಟರೆ ಆ ಬಿಗಿ ಒಂದು ಗಳಿಗೆ ಇನ್ನೂ ಹೆಚ್ಚುತ್ತದೆ, ಆಮೇಲೆ ಬಿಚ್ಚಿಕೊಳ್ಳುತ್ತದೆ. ಸೊಂಟ ವೇಗ ಪಡೆದು ನಿಧಾನವಾಗುವಾಗ ಆ ವೇಗ ಎದೆಗೆ ದಾಟುತ್ತದೆ, ಎದೆ ನಿಧಾನವಾಗುವಾಗ ತೋಳಿಗೆ, ತೋಳು ನಿಧಾನವಾಗುವಾಗ ಕ್ಲಬ್ಬಿಗೆ. ಚಾಟಿಯ ಹಿಡಿ ನಿಂತಾಗ ತುದಿ ಛಟ್ ಎನ್ನುವ ಹಾಗೆ. ಚೆಂಡಿಗೆ ತಾಗುವ ಮುನ್ನ ನುರಿತವರ ಕೈಗಳು ವೇಗ ಕಳೆದುಕೊಳ್ಳುತ್ತಿರುತ್ತವೆ, ಹೆಚ್ಚಿಸಿಕೊಳ್ಳುತ್ತಿರುವುದಿಲ್ಲ. ಅಮೆರಿಕದ ವೃತ್ತಿಪರ ಸರಣಿಯಾದ ಪಿಜಿಎ ಟೂರ್‌ನ ಆಟಗಾರರ ಕೈಯಲ್ಲಿ ಡ್ರೈವರ್ ಎಂಬ ದೂರ ಹೊಡೆಯುವ ಕ್ಲಬ್ಬಿನ ತಲೆ ಗಂಟೆಗೆ 180 ಕಿ.ಮೀ. ದಾಟುವುದು ಹೀಗೆ ಕೈಗಿಂತ ಕೆಳಗಿನಿಂದ ಬಂದ ವೇಗದಿಂದ.

ಕ್ಲಬ್ ಮತ್ತು ಚೆಂಡು ಒಂದಕ್ಕೊಂದು ತಾಗಿರುವುದು ಸೆಕೆಂಡಿನ ಎರಡು ಸಾವಿರ ಪಾಲಿನಲ್ಲಿ ಒಂದು ಪಾಲಿನಷ್ಟು ಹೊತ್ತು ಮಾತ್ರ. ತಾಗಿದ ಸುದ್ದಿ ಬೆರಳಿನಿಂದ ಮಿದುಳಿಗೆ ಮುಟ್ಟುವಷ್ಟರಲ್ಲಿ ಚೆಂಡು ಹೊರಟುಹೋಗಿರುತ್ತದೆ. ಅಂದರೆ "ಚೆಂಡಿಗೆ ಸರಿಯಾಗಿ ತಾಗಿಸಬೇಕು" ಎಂದು ಕೈಗಳು ಕೊನೆಗಳಿಗೆಯಲ್ಲಿ ಮಾಡುವ ಪ್ರಯತ್ನವೆಲ್ಲ ತಡವಾದ ಪ್ರಯತ್ನವೇ. ಇದನ್ನು ಓದಿದ ದಿನ ನನಗೆ ಒಂದು ಹಗುರ ಬಂದಂತಾಯಿತು. ಕೈಗಳು ಹೊತ್ತುಕೊಂಡಿದ್ದ ಜವಾಬ್ದಾರಿ ಅವುಗಳದ್ದೇ ಆಗಿರಲಿಲ್ಲ.

ಸೊಂಟ ಮೊದಲು ಎಂದು ಎಲ್ಲರಿಗಿಂತ ಗಟ್ಟಿಯಾಗಿ ಹೇಳಿದವನು ಅಮೆರಿಕದ ಗಾಲ್ಫ್ ಆಟಗಾರ ಬೆನ್ ಹೋಗನ್. ಅವನ ಕಥೆ ನೆನಪಾದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ. 1949ರ ಫೆಬ್ರವರಿಯಲ್ಲಿ ಅವನ ಕಾರಿಗೆ ಬಸ್ಸೊಂದು ಎದುರಿನಿಂದ ಗುದ್ದಿತು. ಮುರಿದ ಮೂಳೆಗಳಲ್ಲಿ ಸೊಂಟದ ಮೂಳೆಯೂ ಒಂದು, ಕಾಲಿನ ಮಣಿಗಂಟೂ ಒಂದು. ಮತ್ತೆ ನಡೆಯುವುದೇ ಅನುಮಾನ ಎಂದು ವೈದ್ಯರು ಹೇಳಿದ್ದರು. ಹದಿನಾರು ತಿಂಗಳ ನಂತರ, 1950ರ ಜೂನ್‌ನಲ್ಲಿ, ಮೆರಿಯನ್ ಕೋರ್ಸ್‌ನಲ್ಲಿ ಅವನು ಯು.ಎಸ್. ಓಪನ್ ಗೆದ್ದ, ಕಾಲಿಗೆ ಬಟ್ಟೆ ಸುತ್ತಿಕೊಂಡು ನೋವು ನುಂಗುತ್ತಾ. ಯಾವ ಸೊಂಟ ಮುರಿದಿತ್ತೋ, ಯಾವ ಕಾಲು ಊದಿಕೊಳ್ಳುತ್ತಿತ್ತೋ, ಅದೇ ಸೊಂಟದಿಂದ ಮತ್ತು ಅದೇ ಕಾಲಿನಿಂದ ಹೊಡೆತ ಶುರುವಾಗಬೇಕು ಎಂದು ಕೊನೆಯವರೆಗೂ ಕಲಿಸಿದ. ಕೈಯನ್ನು ಮಾತ್ರ ನೆಚ್ಚಿಕೊಳ್ಳಲು ಅವನಿಗಿಂತ ಹೆಚ್ಚು ಕಾರಣ ಯಾರಿಗಿತ್ತು?

ಇಲ್ಲಿ ನನ್ನ ಬೆನ್ನಿನ ಬಗ್ಗೆ ಹೇಳಲೇಬೇಕು, ಇದನ್ನು ಓದುವ ನಲವತ್ತು ದಾಟಿದವರಿಗಾಗಿ. ಆಟ ಶುರು ಮಾಡಿದ ಮೂರನೇ ವರ್ಷ ಒಬ್ಬರು ತರಬೇತುದಾರರು ನನಗೆ "ಸೊಂಟ ಅಲುಗಿಸದೆ ಭುಜ ಮಾತ್ರ ತಿರುಗಿಸಿ, ಅಂತರ ಹೆಚ್ಚಿದಷ್ಟೂ ದೂರ ಹೆಚ್ಚು" ಎಂದು ಕಲಿಸಿದರು. ಸೊಂಟ ಮತ್ತು ಭುಜದ ಅಂತರಕ್ಕೆ ಎಕ್ಸ್ ಫ್ಯಾಕ್ಟರ್ ಎಂಬ ಹೆಸರು 1990ರ ದಶಕದಿಂದ ಚಾಲ್ತಿಯಲ್ಲಿದೆ, ಹೊಸದೇನಲ್ಲ. ಇಪ್ಪತ್ತರ ಹುಡುಗನಿಗೆ ಅದು ಒಗ್ಗಬಹುದು. ನಾನು ನಾಲ್ಕು ತಿಂಗಳು ನಿಷ್ಠೆಯಿಂದ ಮಾಡಿದೆ, ಐದನೇ ತಿಂಗಳು ಹಾಸಿಗೆ ಹಿಡಿದೆ. ಕೊಯ್ಲಿನ ಹೊತ್ತು ಬೇರೆ. ಮೂರು ವಾರ ಮಲಗಿದಲ್ಲಿಂದಲೇ ಕಾಫಿ ಮೂಟೆಯ ಲೆಕ್ಕ ಕೇಳಿದೆ.

ಬೆನ್ನುಮೂಳೆಯ ಕೆಳಭಾಗದಲ್ಲಿ, ಸೊಂಟದ ಮಟ್ಟದಲ್ಲಿ ಐದು ಮೂಳೆಗಳಿವೆ. ಅವು ಮುಂದೆ ಹಿಂದೆ ಬಾಗಲು ಮಾಡಿದವು. ತಿರುಗುವುದು ಒಂದೊಂದೂ ಒಂದೆರಡು ಡಿಗ್ರಿ ಮಾತ್ರ. ತಿರುಗುವ ಕೆಲಸ ಮಾಡಬೇಕಾದವು ಅದರ ಮೇಲೆ ಎದೆಗೂಡಿನ ಬೆನ್ನುಮೂಳೆ, ಕೆಳಗೆ ತೊಡೆಯ ಕೀಲು. ಈ ಎರಡೂ ಬಿಗಿದುಕೊಂಡಿದ್ದರೆ, ಅಥವಾ ಬೇಕೆಂದೇ ಬಿಗಿಹಿಡಿದರೆ, ಆ ತಿರುಚು ನಡುವೆ ಸಿಕ್ಕಿಕೊಂಡ ಐದು ಮೂಳೆಗಳ ಮೇಲೆ ಬೀಳುತ್ತದೆ. ಟೈಗರ್ ವುಡ್ಸ್‌ನಂಥ ಮೈಕಟ್ಟಿನವನೇ ಬೆನ್ನಿಗೆ ಹಲವು ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು, 2017ರಲ್ಲಿ ಮೂಳೆಗಳನ್ನು ಬೆಸೆಯಿಸಿಕೊಂಡು, ಅದಾದ ಮೇಲೆ 2019ರ ಮಾಸ್ಟರ್ಸ್ ಗೆದ್ದ. ಅವನ ಹಿಂದೆ ಇಡೀ ವೈದ್ಯರ ತಂಡವಿತ್ತು. ನಮ್ಮ ಹಿಂದೆ ಇರುವುದು ನೋವಿನ ಎಣ್ಣೆಯ ಬಾಟಲಿ.

ವಾಸಿಯಾದ ಮೇಲೆ ನನಗೆ ದಾರಿ ತೋರಿಸಿದ್ದು ಜಾಕ್ ನಿಕ್ಲಾಸ್‌ನ ಹಳೆಯ ಚಿತ್ರಗಳು. ಹದಿನೆಂಟು ಮೇಜರ್, ಅಂದರೆ ಗಾಲ್ಫ್ ಲೋಕದ ಅತಿ ದೊಡ್ಡ ಪಂದ್ಯಾವಳಿ, ಗೆದ್ದ ಮನುಷ್ಯ. ಹಿಂದಕ್ಕೆ ಎತ್ತುವಾಗ ಅವನ ಎಡ ಹಿಮ್ಮಡಿ ನೆಲ ಬಿಟ್ಟು ಮೇಲೇಳುತ್ತಿತ್ತು. ಅವನಿಗಿಂತ ಹಿಂದಿನ ಬಾಬಿ ಜೋನ್ಸ್‌ನದ್ದೂ ಹಾಗೇ. ಹಿಮ್ಮಡಿ ಎದ್ದರೆ ಎಡ ಮೊಣಕಾಲು ಒಳಗೆ ಬರುತ್ತದೆ, ಸೊಂಟಕ್ಕೆ ತಿರುಗಲು ಜಾಗ ಸಿಗುತ್ತದೆ, ಬೆನ್ನಿಗೆ ಬಿಡುವು ಸಿಗುತ್ತದೆ. ಇದಕ್ಕಿಂತ ದೊಡ್ಡ ಲಾಭ ಇನ್ನೊಂದಿದೆ: ಎದ್ದ ಹಿಮ್ಮಡಿಯನ್ನು ವಾಪಸ್ ಊರಲೇಬೇಕಲ್ಲ, ಆ ಊರುವುದೇ ಇಳಿಯುವ ಸ್ವಿಂಗ್‌ನ ಮೊದಲ ಕೆಲಸವಾಗುತ್ತದೆ. ಭಾರ ಎಡಕ್ಕೆ ಹೋಗಬೇಕು ಎಂದು ಬೇರೆಯಾಗಿ ಯೋಚಿಸಬೇಕಾಗಿಯೇ ಇಲ್ಲ. ಮರಳಿನಲ್ಲಿ ಮಾವನ ಕಾಲು ಊರಿದ ಶಬ್ದ ನನಗೆ ನೆನಪಾದದ್ದು ಆಗಲೇ.

ಆ ಜನವರಿಯ ಸಂಜೆಯಿಂದ ಮುಂದೆ ಕಣದ ಮೂಲೆಯೇ ನನ್ನ ಶಾಲೆಯಾಯಿತು. ಎರಡೇ ಅಭ್ಯಾಸ ಇಟ್ಟುಕೊಂಡೆ. ಒಂದು, ಬಲಪಾದದ ಹೊರ ಅಂಚಿನ ಅಡಿಗೆ ಒಂದು ಹಳೇ ಚೆಂಡು ಸಿಕ್ಕಿಸಿ ನಿಲ್ಲುವುದು. ಮೈ ಬಲಕ್ಕೆ ಜಾರಲು ಹೋದರೆ ಚೆಂಡು ಕಾಲನ್ನು ಒಳಕ್ಕೆ ತಳ್ಳುತ್ತದೆ. ಒತ್ತಡ ಪಾದದ ಒಳಭಾಗದಲ್ಲಿ, ಹಿಮ್ಮಡಿಯ ಕಡೆಗೆ ಉಳಿಯುತ್ತದೆ, ಬಲ ಪೃಷ್ಠ ಪಕ್ಕಕ್ಕೆ ಹೋಗುವ ಬದಲು ಹಿಂದಕ್ಕೆ ಹೋಗುತ್ತದೆ. ಹಿಂದೆ ಒಂದು ಗೋಡೆ ಇದೆ, ಅದಕ್ಕೆ ಬಲಗಡೆಯ ಜೇಬು ತಾಗಿಸಬೇಕು ಎಂದುಕೊಳ್ಳುವುದು ನನಗೆ ಸಹಾಯ ಮಾಡಿತು. ಇನ್ನೊಂದು ಹೆಜ್ಜೆಯ ಅಭ್ಯಾಸ. ಎರಡೂ ಪಾದ ಜೋಡಿಸಿ ನಿಂತು, ಕ್ಲಬ್ ಹಿಂದೆ ಹೋಗುತ್ತಿರುವಾಗಲೇ ಎಡಗಾಲನ್ನು ಗುರಿಯ ಕಡೆಗೆ ಒಂದು ಹೆಜ್ಜೆ ಇಟ್ಟು, ಅದು ಊರಿದ ಮೇಲೆ ಬೀಸುವುದು. ಮೊದಲ ವಾರ ಕೈಯೇ ಮುಂಚೆ ಬಂತು. ಎರಡನೇ ವಾರ ಕಾಲು ಮತ್ತು ಕೈ ಒಟ್ಟಿಗೆ ಬಂದವು. ಯಾವ ದಿನ ಎಂದು ಬರೆದಿಟ್ಟಿಲ್ಲ, ಒಂದು ಸಂಜೆ ಕಾಲು ಊರಿದ ಮೇಲೂ ಕ್ಲಬ್ ಇನ್ನೂ ಹಿಂದೆಯೇ ಇದೆ ಎನಿಸಿತು. ಎದೆಯ ಎಡಭಾಗದಲ್ಲಿ, ಕಂಕುಳಿನ ಕೆಳಗೆ, ಒಂದು ಎಳೆತ. ಅದುವರೆಗೆ ನನಗೆ ಪರಿಚಯವೇ ಇರದ ಎಳೆತ. ನೆರಳಿನ ತಲೆ ಗೆರೆಯ ಮೇಲೇ ಇತ್ತು.

ಬರಿಗಾಲು ಏಕೆ ಎಂದು ಮಗಳು ಕೇಳಿದಳು. ಅಮೆರಿಕದ ಸ್ಯಾಮ್ ಸ್ನೀಡ್ ಹಳ್ಳಿಯಲ್ಲಿ ಬೆಳೆದವನು, ದೊಡ್ಡ ಆಟಗಾರನಾದ ಮೇಲೂ ಬರಿಗಾಲಲ್ಲಿ ಅಭ್ಯಾಸ ಮಾಡುತ್ತಿದ್ದ. ಬರಿಗಾಲಲ್ಲಿ ಅತಿಯಾಗಿ ಬೀಸಲು ಆಗುವುದಿಲ್ಲ, ನೆಲ ಒಪ್ಪಿದಷ್ಟೇ ಶಕ್ತಿ. ನಾವು ನೆಲವನ್ನು ಎಷ್ಟು ತಳ್ಳುತ್ತೇವೋ ಅದು ಅಷ್ಟೇ ವಾಪಸ್ ತಳ್ಳುತ್ತದೆ, ಹೊಡೆತದ ಬಂಡವಾಳವೇ ಅದು. ಜೂನ್ ಬಂತೆಂದರೆ ನಮ್ಮಲ್ಲಿ ಇದು ಬೇರೆ ಯಾರೂ ಹೇಳಿಕೊಡದೆ ಗೊತ್ತಾಗುತ್ತದೆ. ಒದ್ದೆ ಹುಲ್ಲಿನಲ್ಲಿ ಬಲಗಾಲು ತಳ್ಳಲು ಹೋದರೆ ಪಾದವೇ ತಿರುಗಿ ಹೋಗುತ್ತದೆ, ಸೊಂಟಕ್ಕೆ ಹಿಡಿತ ಸಿಗುವುದಿಲ್ಲ, ಕೈ ಮತ್ತೆ ಯಜಮಾನಿಕೆಗೆ ಬರುತ್ತದೆ. ಮಳೆಗಾಲದಲ್ಲಿ ನಾನು ಒಂದು ಕ್ಲಬ್ ದೊಡ್ಡದು ತೆಗೆದುಕೊಂಡು ಮುಕ್ಕಾಲು ಸ್ವಿಂಗ್ ಮಾತ್ರ ಮಾಡುತ್ತೇನೆ.

ಕೊಡಗಿನಲ್ಲಿ ಗಾಲ್ಫ್ ಕಲಿಯುವವರಿಗೆ ಇನ್ನೊಂದು ಗುರು ಇದೆ, ಇಳಿಜಾರು. ಬಿಟ್ಟಂಗಾಲದಲ್ಲಾಗಲಿ, ಪಾಲಿಬೆಟ್ಟದ ಒಂಬತ್ತು ಹೋಲ್‌ಗಳ ಕೋರ್ಸ್‌ನಲ್ಲಾಗಲಿ, ಮಡಿಕೇರಿಯ ಮರ್ಕೆರಾ ಡೌನ್ಸ್‌ನಲ್ಲಾಗಲಿ, ಸಮತಟ್ಟಾದ ನೆಲದ ಮೇಲೆ ನಿಂತು ಹೊಡೆಯುವ ಅವಕಾಶ ಕಡಿಮೆ. ಏರಿನಲ್ಲಿ ನಿಂತರೆ ಗುಡ್ಡವೇ ನಮ್ಮನ್ನು ಬಲಗಾಲಿಗೆ ತಳ್ಳುತ್ತದೆ. ಎಡಕ್ಕೆ ಹೋಗುವುದು ಕಷ್ಟ, ಚೆಂಡು ಎತ್ತರಕ್ಕೆ ಎದ್ದು ಎಡಕ್ಕೆ ವಾಲುತ್ತದೆ. ಇಳಿಜಾರಿನಲ್ಲಿ ನಿಂತರೆ ಭಾರ ತಾನಾಗಿ ಮುಂದೆ ಓಡುತ್ತದೆ. ಭುಜಗಳನ್ನು ಇಳಿಜಾರಿಗೆ ಸಮನಾಗಿ ಇಟ್ಟು ಅದರ ಜೊತೆಗೇ ಹೋಗಬೇಕು, ತಡೆದು ಹಿಂದೆ ವಾಲಿದರೆ ಕೆಟ್ಟಿತು. ಚೆಂಡು ಪಾದಕ್ಕಿಂತ ಮೇಲಿದ್ದರೆ ಎಡಕ್ಕೆ ಹೋಗುತ್ತದೆ, ಕೆಳಗಿದ್ದರೆ ಬಲಕ್ಕೆ. ಕೋರ್ಸ್‌ನಲ್ಲಿ ಬಹಳ ವರ್ಷದಿಂದ ಆಟಗಾರರ ಕ್ಲಬ್ ಚೀಲ ಹೊರುತ್ತಿರುವ ಒಬ್ಬ ಕ್ಯಾಡಿ ನನಗೆ ಹೇಳಿದ್ದು, ಅಡ್ಡ ಇಳಿಜಾರಿನಲ್ಲಿ ಹೊಡೆಯುವ ಮೊದಲು ಕಣ್ಣು ಮುಚ್ಚಿ ಒಂದು ಸಲ ಬೀಸಿ ನೋಡಿ, ಎಲ್ಲಿ ಎಡವುತ್ತೀರೋ ಅಲ್ಲಿ ನಿಮ್ಮ ಭಾರ ಇದೆ ಅಂತ. ನಾನು ಅದನ್ನು ಬಿಟ್ಟಿಲ್ಲ.

ಭಾರ ಆಚೀಚೆ ಹೋಗುವುದೇ ಬೇಡ, ಮೊದಲಿನಿಂದ ಎಡಗಾಲಿನ ಮೇಲೇ ನಿಂತು ಅಲ್ಲೇ ತಿರುಗಿ ಎನ್ನುವ ಪಂಥವೂ ಇದೆ. ಅದರಲ್ಲಿ ಗೆದ್ದ ವೃತ್ತಿಪರರೂ ಇದ್ದಾರೆ. ಸಣ್ಣ ಚಿಪ್ ಹೊಡೆತಕ್ಕೆ ನಾನೂ ಹಾಗೇ ನಿಲ್ಲುತ್ತೇನೆ, ಚೆಂಡನ್ನು ಕುಳಿಯ ಕಡೆಗೆ ಉರುಳಿಸುವ ಪಟ್ಟಿಂಗ್‌ನಲ್ಲಂತೂ ಕೆಳಮೈ ಅಲುಗಲೇಬಾರದು. ಪೂರ್ತಿ ಹೊಡೆತಕ್ಕೆ ಮಾತ್ರ ನನಗೆ ಅದು ಒಗ್ಗಲಿಲ್ಲ. ಬೆನ್ನು ಅತ್ತ ವಾಲಿ ಹಳೇ ನೋವು ಎಚ್ಚರವಾಯಿತು. ಇನ್ನೊಂದು ಕಡೆ, ದೂರ ಹೊಡೆಯುವುದೇ ಆಟವಲ್ಲ ಎಂಬುದಕ್ಕೆ ನಮ್ಮ ಬೆಂಗಳೂರಿನ ಅದಿತಿ ಅಶೋಕ್ ಇದ್ದಾರೆ. 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ತನಗಿಂತ ಬಹಳ ದೂರ ಹೊಡೆಯುವವರ ನಡುವೆ ಆಡಿ ನಾಲ್ಕನೇ ಸ್ಥಾನಕ್ಕೆ ಬಂದರು. ಕೊನೆಯ ದಿನ ಕೊಡಗಿನಲ್ಲಿ ಎಂದೂ ಗಾಲ್ಫ್ ನೋಡದವರು ಕೂಡ ಬೆಳಿಗ್ಗೆ ಬೇಗ ಎದ್ದು ಟಿವಿ ಹಾಕಿದ್ದರು. ಅವರ ಸ್ವಿಂಗ್‌ನಲ್ಲಿ ನನಗೆ ಇಷ್ಟವಾಗುವುದು ಆತುರವಿಲ್ಲದಿರುವುದು. ಪ್ರತಿ ಹೊಡೆತವೂ ಮುಗಿದಾಗ ಹೊಟ್ಟೆ ಗುರಿಯ ಕಡೆಗೆ, ಮೈ ಎಡಗಾಲಿನ ಮೇಲೆ ನೆಟ್ಟಗೆ, ಬಲಗಾಲಿನ ಬೆರಳ ತುದಿ ಮಾತ್ರ ನೆಲದಲ್ಲಿ. ಹೊಡೆದ ಮೇಲೆ ಮೂರು ಎಣಿಸುವವರೆಗೆ ಹಾಗೇ ನಿಲ್ಲಬಲ್ಲಿರಾ ಎಂದು ನಿಮ್ಮನ್ನೇ ಕೇಳಿಕೊಳ್ಳಿ. ಹಿಂದಕ್ಕೆ ಹೆಜ್ಜೆ ಹೋದರೆ ಭಾರ ಎಲ್ಲಿತ್ತು ಎಂದು ಬೇರೆ ಯಾರೂ ಹೇಳಬೇಕಿಲ್ಲ.

ನನ್ನ ಚೆಂಡು ಈಗಲೂ ಹುಡುಗರ ಚೆಂಡಿನಷ್ಟು ದೂರ ಹೋಗುವುದಿಲ್ಲ. ಆದರೆ ಕೆಂಪು ನಾಲಗೆ ಹತ್ತಕ್ಕೆ ಏಳು ಸಲ ಚೆಂಡಿನ ಮುಂದೆ ಶುರುವಾಗುತ್ತದೆ. ಹದಿನೆಂಟು ಹೋಲ್ ಆಡಿ ಮನೆಗೆ ಬಂದು ಬಗ್ಗಿ ಶೂ ಬಿಚ್ಚಿಕೊಳ್ಳಬಲ್ಲೆ.

ಕಳೆದ ತಿಂಗಳು ಬಾಳೆಲೆಗೆ ಹೋಗಿದ್ದೆ. ಮಾವನಿಗೆ ಎಂಬತ್ತು ದಾಟಿದೆ, ನದಿಗೆ ಇಳಿದು ವರ್ಷಗಳಾದವು. ಬಲೆ ಅಟ್ಟದ ಮೇಲಿದೆ. ಜಗಲಿಯಲ್ಲಿ ಕೂತು ಕಾಫಿ ಕುಡಿಯುತ್ತಾ ಮಗಳು ತೆಗೆದ ವಿಡಿಯೋ ತೋರಿಸಿದೆ. ಅವರು ಕ್ಲಬ್ಬನ್ನೂ ಚೆಂಡನ್ನೂ ನೋಡಲಿಲ್ಲ, ಫೋನನ್ನು ಕಣ್ಣಿನ ಹತ್ತಿರ ಹಿಡಿದು ಕೆಳಗಿನ ಮೂಲೆಯನ್ನೇ ನೋಡಿದರು. ಎರಡನೇ ಸಲ ಹಾಕು ಅಂದರು. ಮೂರನೇ ಸಲ ನೋಡಿ, "ಹಿಮ್ಮಡಿ ಊರೋದು ಸ್ವಲ್ಪ ತಡ ಆಗ್ತದೆ" ಅಂದರು. ಲೋಟ ಕೆಳಗಿಟ್ಟು, ಜಗಲಿಯ ಕಂಬ ಹಿಡಿದು ಎದ್ದು ನಿಂತರು. ಕಂಬ ಬಿಟ್ಟು, ಕೈಯಲ್ಲಿ ಏನೂ ಇಲ್ಲದೆ, ಬಲೆ ಹಿಡಿದವರ ಹಾಗೆ ನಿಧಾನವಾಗಿ ಹಿಂದಕ್ಕೆ ತಿರುಗಿದರು. ಕೈ ಇನ್ನೂ ಹಿಂದೆ ಹೋಗುತ್ತಿತ್ತು. ಕೆಂಪು ಗಾರೆಯ ನೆಲದ ಮೇಲೆ ಎಡ ಹಿಮ್ಮಡಿ ತಟ್ಟನೆ ಕೂತಿತು.

"ಈಗ" ಅಂದರು.